ರಾಮನವಮಿ ಕಛೇರಿಗೆ ಹೊರಟವರಿಗೆ

ಬೆಂಗಳೂರಿನ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಛೇರಿಗಳಿಗೆ ಹೊಸದಾಗಿ ಹೋಗುವವರಿಗೆ ಒಂದಷ್ಟು ಮಾತು. ಇವನ್ನು ನಡೆಸುವ ಶ್ರೀ ರಾಮಸೇವಾ ಮಂಡಳಿ ಶುರುವಾಗಿದ್ದು 1939ರಲ್ಲಿ. ಸಂಗೀತ ಕಲಿತಿರಬೇಕು ಅಂತೇನೂ ಇಲ್ಲ, ಸುಮ್ನೆ ಹೋಗಿ ಕೂತರೂ ಸಾಕು.

ಕಾರು ಬೇಡವೇ ಬೇಡ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ವಾಪಸ್ ಹೋಗಲು ಕೊನೆಯ ರೈಲು ಎಷ್ಟಕ್ಕೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಕೂರುವ ಜಾಗದ ಬಗ್ಗೆ ಯೋಚಿಸಿ. ಸ್ಪೀಕರ್ ಪಕ್ಕ ಕೂತರೆ ತಲೆನೋವು ಗ್ಯಾರಂಟಿ. ಗಾಯನ ಕಛೇರಿಯಲ್ಲಿ ಸಾಮಾನ್ಯವಾಗಿ ಮೃದಂಗದವರು ನಮ್ಮ ಎಡಕ್ಕೆ, ಪಿಟೀಲಿನವರು ಬಲಕ್ಕೆ ಇರುತ್ತಾರೆ. ಮೃದಂಗದ ಕೈಚಳಕ ನೋಡುವ ಆಸೆಯಿದ್ದರೆ ಎಡಗಡೆ ಸಾಲು ಹಿಡಿಯಿರಿ.

ಮುಖ್ಯ ಕೃತಿ, ಅಂದರೆ ಕಛೇರಿಯ ದೊಡ್ಡ ಹಾಡು, ಆದ ಮೇಲೆ ತನಿ ಆವರ್ತನ ಬರುತ್ತದೆ. ಹಾಡು ನಿಂತು ಬರೀ ತಾಳವಾದ್ಯ. ಆಗಲೇ ಅರ್ಧ ಜನ ಕಾಫಿಗೆ ಏಳುತ್ತಾರೆ! ನನ್ನ ಪ್ರಕಾರ ಇದು ಅನ್ಯಾಯ. ಮೃದಂಗ ಒಂದು ಸುತ್ತು ನುಡಿಸುತ್ತದೆ, ಘಟವೋ ಖಂಜಿರವೋ ಉತ್ತರ ಕೊಡುತ್ತದೆ, ಸುತ್ತು ಚಿಕ್ಕದಾಗುತ್ತಾ ಕೊನೆಗೆ ಎರಡೂ ಸೇರುತ್ತವೆ. ಬೆರಳಲ್ಲಿ ತಾಳ ಹಾಕುತ್ತಾ ಕೇಳಿ, ತಪ್ಪಿದರೆ ಪಕ್ಕದ ತಾತನ ಕೈ ನೋಡಿ. ಏಳಲೇಬೇಕಾದರೆ ಎರಡು ಹಾಡುಗಳ ನಡುವೆ ಏಳಿ.

ಪೂರ್ತಿ ಕೂರುವ ತಾಳ್ಮೆ ಇಲ್ವಾ? ತನಿ ಹೊತ್ತಿಗೆ ಬನ್ನಿ. ಆಮೇಲೆ ದೇವರನಾಮಗಳು, ಚಿಕ್ಕಚಿಕ್ಕ ಹಾಡುಗಳು. ಮಕ್ಕಳಿಗೂ ಅವೇ ಇಷ್ಟ.

ಏಪ್ರಿಲ್ ಸಂಜೆ ಮಳೆ ಯಾವಾಗ ಬೇಕಾದರೂ ಸುರಿಯಬಹುದು. ಛತ್ರಿ ಬ್ಯಾಗಲ್ಲಿರಲಿ.