ಅಪ್ಪ-ಅಮ್ಮಂದಿರೇ ರೆಫರಿಗಳಾದ ಲೀಗಿನಲ್ಲಿ ಪಂದ್ಯ ಹಂಚುವ ಕೆಲಸ: ನನ್ನ ಅನುಭವ

ಅಮೆರಿಕದ ಮಕ್ಕಳ ರಿಕ್ರಿಯೇಷನಲ್ (ಹವ್ಯಾಸಿ) ಸಾಕರ್‌ನಲ್ಲಿ, ಅಂದರೆ ಫುಟ್‌ಬಾಲ್‌ನಲ್ಲಿ, ರೆಫರಿ ಅಂದರೆ ಬಹುಪಾಲು ಅದೇ ಲೀಗಿನಲ್ಲಿ ಆಡುವ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಶುರುವಾದ ಎವೈಎಸ್‌ಒ (ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್) ಸಂಸ್ಥೆಯ ಪಂದ್ಯಗಳು ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕ ರೆಫರಿಗಳಿಂದಲೇ ನಡೆಯುತ್ತವೆ. ಇಂಥ ಕಡೆ ‘ಸಂಬಂಧ ಇರುವವರನ್ನು ಹಾಕಲೇಬಾರದು’ ಎಂದು ಹೊರಟರೆ ಶನಿವಾರ ಬೆಳಗ್ಗೆ ಅರ್ಧ ಮೈದಾನಗಳಲ್ಲಿ ವಿಸಿಲ್ ಊದುವವರೇ ಇರುವುದಿಲ್ಲ. ರೆಫರಿಗಳಿಗೆ ಪಂದ್ಯ ಹಂಚುವ ನನ್ನಂಥವರ ಕೈಯಲ್ಲಿರುವುದು ಎರಡೇ: ಯಾರು ಯಾವ ಪಂದ್ಯದಲ್ಲಿ ಎಲ್ಲಿ ನಿಲ್ಲಬೇಕು ಎಂದು ಯೋಚಿಸಿ ಇಡುವುದು, ಸಂಬಂಧವನ್ನು ಕಿಕಾಫ್‌ಗೆ (ಆಟದ ಆರಂಭಕ್ಕೆ) ಮುಂಚೆಯೇ ಇಬ್ಬರು ಕೋಚ್‌ಗಳಿಗೂ ತಿಳಿಸುವುದು.

ಮೊದಲ ಕೆಲಸ ಮಾಹಿತಿ ಪಡೆಯುವುದು. ರೆಫರಿಗಳು ಹೆಸರು ನೋಂದಾಯಿಸುವಾಗಲೇ ಇದನ್ನು ಕೇಳಿದರೆ ಪ್ರಯೋಜನವಿಲ್ಲ, ಆಗಿನ್ನೂ ಯಾವ ಮಗು ಯಾವ ತಂಡ ಎಂದು ಗೊತ್ತಿರುವುದಿಲ್ಲ. ಆಗಸ್ಟ್‌ನಲ್ಲಿ ತಂಡಗಳ ಪಟ್ಟಿ ಅಂತಿಮವಾದ ಮೇಲೆ ಒಂದು ಪುಟದ ಫಾರಂ ಕಳಿಸುತ್ತೇನೆ. ನಿಮ್ಮ ಮಕ್ಕಳು ಯಾವ ತಂಡದಲ್ಲಿದ್ದಾರೆ? ನೀವು ಅಥವಾ ನಿಮ್ಮ ಮನೆಯವರು ಯಾವ ತಂಡದ ಕೋಚ್ ಅಥವಾ ಮ್ಯಾನೇಜರ್? ಯಾವುದಾದರೂ ತಂಡದ ಜೆರ್ಸಿಗೆ ನಿಮ್ಮ ಅಂಗಡಿ ಅಥವಾ ಕಂಪನಿ ಪ್ರಾಯೋಜಕರೇ? ಬೇರೆ ಊರುಗಳಿಗೆ ಹೋಗಿ ಆಡುವ ಟ್ರಾವೆಲ್ ಕ್ಲಬ್ ಒಂದಕ್ಕೆ ಆಟಗಾರರನ್ನು ಆರಿಸುತ್ತೀರಾ? ಪ್ರ್ಯಾಕ್ಟೀಸಿಗೆ ಯಾರ ಮಕ್ಕಳನ್ನು ನಿಮ್ಮ ಕಾರಿನಲ್ಲಿ ಕರೆದೊಯ್ಯುತ್ತೀರಿ? ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಹೆಚ್ಚು ಸಂಬಂಧಗಳು ಹೊರಬರುವುದು ಅದರಿಂದಲೇ. ನಮ್ಮ ಕನ್ನಡ ಕೂಟದ ಮನೆಗಳನ್ನೇ ನೋಡಿ: ನಾಲ್ಕು ಕುಟುಂಬದ ಮಕ್ಕಳು ಮೂರು ಬೇರೆ ತಂಡಗಳಲ್ಲಿರುತ್ತಾರೆ, ಅಪ್ಪಂದಿರು ಒಬ್ಬರ ಮನೆಯಲ್ಲೊಬ್ಬರು ಊಟ ಮಾಡುವವರು. ಕಾಗದದ ಮೇಲೆ ಸಂಬಂಧವಿಲ್ಲ, ಆದರೆ ಎದುರು ತಂಡದ ಪೋಷಕರ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಈ ಫಾರಂಗಳನ್ನು ನಾನು ಮತ್ತು ರೆಫರಿಗಳ ಆಡಳಿತಾಧಿಕಾರಿ ಬಿಟ್ಟು ಬೇರೆ ಯಾರೂ ನೋಡುವುದಿಲ್ಲ. ಹಾಗೆಂದು ಮೊದಲೇ ಬರೆದು ಹೇಳದಿದ್ದರೆ ಯಾರೂ ನಿಜ ತುಂಬುವುದಿಲ್ಲ.

ಪಂದ್ಯ ಹಂಚುವ ತಂತ್ರಾಂಶಗಳಲ್ಲಿ ಒಬ್ಬ ರೆಫರಿಗೆ ಇಂಥ ತಂಡ ಬರದಂತೆ ತಡೆ ಹಾಕುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಸ್ವಂತ ಮಗು, ಸ್ವಂತ ಕೋಚಿಂಗ್, ಪ್ರಾಯೋಜಕತ್ವ, ಈ ಮೂರಕ್ಕೆ ತಡೆ ಕಡ್ಡಾಯ. ಸ್ನೇಹ, ನೆರೆಹೊರೆ, ಒಂದೇ ಆಫೀಸು, ಇವಕ್ಕೆ ತಡೆ ಹಾಕುವುದಿಲ್ಲ, ಗುರುತು ಮಾತ್ರ. ಎಲ್ಲಕ್ಕೂ ತಡೆ ಹಾಕಿದರೆ ಮೂರನೇ ವಾರಕ್ಕೇ ಹೆಸರುಗಳು ಮುಗಿದುಹೋಗುತ್ತವೆ.

ಹೆಚ್ಚು ಲೀಗುಗಳು ಎಡವುವುದು ಪಾಯಿಂಟ್ಸ್ ಟೇಬಲ್ಲಿನಲ್ಲಿ. ಮಗಳ ತಂಡದ ಪಂದ್ಯಕ್ಕೆ ಅಪ್ಪನನ್ನು ಹಾಕಬಾರದು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಮಗಳ ತಂಡ ಎರಡನೇ ಸ್ಥಾನದಲ್ಲಿದ್ದು, ಅಪ್ಪ ಮೊದಲ ಸ್ಥಾನದ ತಂಡದ ಪಂದ್ಯಕ್ಕೆ ರೆಫರಿಯಾದರೆ? ಅಲ್ಲಿ ಅವರ ಮಗು ಆಡುತ್ತಿಲ್ಲ, ಆದರೂ ಫಲಿತಾಂಶ ನೇರವಾಗಿ ಮನೆಗೆ ತಟ್ಟುತ್ತದೆ. ಋತು ಮುಗಿಯುವ ಹೊತ್ತಿಗೆ ಲೀಗಿನ ಒಳ್ಳೆಯ ಆಟಗಾರರ ಆಲ್‌ಸ್ಟಾರ್ ತಂಡದ ಆಯ್ಕೆಯೂ ಸೇರಿಕೊಂಡರೆ ಇನ್ನೂ ಬಿಗಿ. ಇದಕ್ಕೆ ನಾನು ಕಂಡುಕೊಂಡ ಸುಲಭದ ದಾರಿ ಅದಲುಬದಲು: ಹನ್ನೆರಡರೊಳಗಿನ ಹುಡುಗಿಯರ ಅಪ್ಪ-ಅಮ್ಮ ಹನ್ನೆರಡರೊಳಗಿನ ಹುಡುಗರ ಪಂದ್ಯ ನಡೆಸುತ್ತಾರೆ, ಹುಡುಗರ ಪೋಷಕರು ಹುಡುಗಿಯರದ್ದು. ಎರಡರಲ್ಲೂ ತಂಡಕ್ಕೆ ಒಂಬತ್ತು ಆಟಗಾರರು, ಎರಡಕ್ಕೂ 30 ನಿಮಿಷದ ಎರಡು ಹಾಫ್, ಅದೇ 4ನೇ ಅಳತೆಯ ಚೆಂಡು. ರೆಫರಿ ಹೊಸದಾಗಿ ಏನೂ ಕಲಿಯಬೇಕಿಲ್ಲ, ಟೇಬಲ್ ಮಾತ್ರ ಬೇರೆ. ಅದು ಹೊಂದದಿದ್ದರೆ ಒಂದು ವಯೋವರ್ಗ ಕೆಳಗೆ ಕಳಿಸುತ್ತೇನೆ. ಅನುಭವ ಕಡಿಮೆ ಇರುವವರನ್ನು ಮೇಲಿನ ವರ್ಗಕ್ಕೆ ತಳ್ಳುವುದಿಲ್ಲ.

ಇದರ ಜೊತೆಗೆ ರೆಫರಿ ಪಾಯಿಂಟಿನ ವಿಷಯವಿದೆ. ಹಲವು ಕಡೆ ಪ್ಲೇಆಫ್‌ಗೆ ಹೋಗಬೇಕಾದರೆ ಪ್ರತಿ ತಂಡದ ಪೋಷಕರು ಇಂತಿಷ್ಟು ಪಂದ್ಯಗಳಿಗೆ ರೆಫರಿಗಿರಿ ಮಾಡಿರಬೇಕು. ಒಳ್ಳೆಯ ಉದ್ದೇಶದ ನಿಯಮ, ಜನ ಸಿಗುವುದೂ ಅದರಿಂದಲೇ. ಆದರೆ ಸ್ವಂತ ತಂಡದ ಪಂದ್ಯಕ್ಕೂ ಅಷ್ಟೇ ಪಾಯಿಂಟ್ ಕೊಟ್ಟರೆ ಎಲ್ಲರೂ ಅದನ್ನೇ ಆರಿಸುತ್ತಾರೆ, ಹೇಗೂ ಮೈದಾನಕ್ಕೆ ಬಂದೇ ಬರುತ್ತಾರಲ್ಲ. ಸಂಬಂಧವಿಲ್ಲದ ಪಂದ್ಯಕ್ಕೆ ಪೂರ್ತಿ ಪಾಯಿಂಟ್, ಸ್ವಂತ ತಂಡದ್ದಕ್ಕೆ ಸೊನ್ನೆ ಎಂದು ಮಾಡಿದರೆ ಹಂಚಿಕೆ ತಾನಾಗಿ ಸರಿಯಾಗುತ್ತದೆ.

ಕೆಲವೊಮ್ಮೆ ಎಷ್ಟು ಹುಡುಕಿದರೂ ಗೆರೆಯ ಪಕ್ಕ ಬಾವುಟ ಹಿಡಿದು ನಿಲ್ಲುವ ಅಸಿಸ್ಟೆಂಟ್ ರೆಫರಿಯಾಗಿ ಪೋಷಕರೊಬ್ಬರನ್ನು ಹಾಕಲೇಬೇಕಾಗುತ್ತದೆ. ಆಗ ‘ಹಾಫ್ ಟೈಮಿನಲ್ಲಿ ಎರಡೂ ಕಡೆಯ ಅಸಿಸ್ಟೆಂಟ್‌ಗಳನ್ನು ಅದಲುಬದಲು ಮಾಡೋಣ, ನ್ಯಾಯವಾಗಿರುತ್ತದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ತಪ್ಪು ಲೆಕ್ಕ. ಅಸಿಸ್ಟೆಂಟ್ ನೋಡಿಕೊಳ್ಳುವುದು ಮೈದಾನದ ಒಂದು ಅರ್ಧವನ್ನು ಮಾತ್ರ, ಅಲ್ಲಿ ಕೊನೆಯಿಂದ ಎರಡನೆಯ ಡಿಫೆಂಡರ್‌ನ ಸಾಲಿಗೆ ನಿಂತು ಆಫ್‌ಸೈಡ್ (ಚೆಂಡು ಪಾಸಾಗುವ ಹೊತ್ತಿಗೆ ದಾಳಿಗಾರ ಆ ಡಿಫೆಂಡರ್‌ಗಿಂತ ಮತ್ತು ಚೆಂಡಿಗಿಂತ ಗೋಲಿಗೆ ಹತ್ತಿರವಿರುವ ತಪ್ಪು) ಹೇಳುವುದು ಅವರ ಕೆಲಸ. ಮೊದಲ ಹಾಫ್‌ನಲ್ಲಿ ಅವರ ಮಗನ ತಂಡ ಆ ಗೋಲನ್ನು ಕಾಯುತ್ತಿದ್ದರೆ ಅವರು ಹೇಳುವ ಆಫ್‌ಸೈಡ್‌ಗಳೆಲ್ಲ ಎದುರಾಳಿಯ ದಾಳಿಯ ಮೇಲೆ. ಹಾಫ್ ಟೈಮಿಗೆ ತಂಡಗಳು ಬದಿ ಬದಲಿಸುತ್ತವೆ. ಅಸಿಸ್ಟೆಂಟ್ ಅಲ್ಲೇ ಉಳಿದರೆ ಎರಡನೇ ಹಾಫ್‌ನಲ್ಲಿ ಮಗನ ತಂಡದ ದಾಳಿಯನ್ನು ತೀರ್ಮಾನಿಸುತ್ತಾರೆ, ಅಲ್ಲಿಗೆ ಸಮ. ಅವರನ್ನೂ ಬದಲಿಸಿದರೆ ಇಡೀ ಪಂದ್ಯ ಎದುರಾಳಿಯ ದಾಳಿಗೇ ಬಾವುಟ ಎತ್ತುವಂತಾಗುತ್ತದೆ. ಹಾಗಾಗಿ ಬದಲಿಸಬೇಡಿ. ಟಚ್‌ಲೈನ್ (ಮೈದಾನದ ಉದ್ದದ ಗೆರೆ) ಆರಿಸುವಾಗ ತಂಡದ ಬೆಂಚುಗಳಿಲ್ಲದ ಬದಿ ಕೊಡುತ್ತೇನೆ, ಸ್ವಂತ ಕೋಚ್‌ನ ಮಾತು ಕಿವಿಗೆ ಬೀಳದಿರಲಿ ಎಂದು. ಆದರೆ ಆ ಬದಿಯಲ್ಲಿ ಪೋಷಕರು ಕುರ್ಚಿ ಹಾಕಿ ಕೂರುವ ಮೈದಾನವಾದರೆ ಬೆಂಚಿನ ಬದಿಯೇ ವಾಸಿ.

ಪಕ್ಷಪಾತ ಎಂದರೆ ಸ್ವಂತ ಮಗುವಿಗೆ ಅನುಕೂಲ ಮಾಡುವುದು ಎಂದೇ ಜನ ತಿಳಿದಿದ್ದಾರೆ. ಈ ಮಟ್ಟದ ಆಟದಲ್ಲಿ ನಾನು ಹೆಚ್ಚು ನೋಡಿರುವುದು ಅದರ ಉಲ್ಟಾ. ಆರೋಪಕ್ಕೆ ಹೆದರಿ ರೆಫರಿ ತನ್ನ ಮಗುವಿನ ಮೇಲಾದ ಫೌಲ್‌ಗೆ ವಿಸಿಲ್ ಊದುವುದಿಲ್ಲ, ಪೆನಾಲ್ಟಿ ಏರಿಯಾದಲ್ಲಂತೂ ಖಂಡಿತ ಇಲ್ಲ. ಹತ್ತು ನಿಮಿಷದಲ್ಲಿ ಎದುರು ತಂಡದ ಮಕ್ಕಳಿಗೆ ಅದು ಗೊತ್ತಾಗುತ್ತದೆ, ಒದೆತಗಳು ಜಾಸ್ತಿಯಾಗುತ್ತವೆ, ಕೊನೆಗೆ ಪೆಟ್ಟು ತಿನ್ನುವುದು ಆ ಮಗುವೇ. ಆದ್ದರಿಂದ ಸಂಬಂಧವಿರುವ ರೆಫರಿಗೆ ಎರಡು ಮಾತು ಹೇಳಿ ಕಳಿಸುತ್ತೇನೆ: ಮೊದಲ ಐದು ನಿಮಿಷದಲ್ಲಿ ಕಂಡ ಪ್ರತಿ ಸ್ಪಷ್ಟ ಫೌಲ್‌ಗೂ ಊದಿ, ಯಾರದ್ದೇ ಆಗಲಿ. ನಿಮ್ಮ ಮಗುವಿಗೇ ಗಂಭೀರ ಪೆಟ್ಟಾದರೆ ಆಟ ನಿಲ್ಲಿಸಿ, ವಿಸಿಲ್ ಅಸಿಸ್ಟೆಂಟ್ ಕೈಗೆ ಕೊಟ್ಟು ಅಪ್ಪನಾಗಿ ಹೋಗಿ.

ರೆಫರಿ ಬರದೇ ಇದ್ದಾಗ ನಾನು ಹಿಡಿಯುವ ಕ್ರಮ ಹೀಗಿದೆ. ಸಂಬಂಧವಿಲ್ಲದ ಅಸಿಸ್ಟೆಂಟ್ ಇದ್ದರೆ ಅವರೇ ಸೆಂಟರ್, ಅಂದರೆ ಮುಖ್ಯ ರೆಫರಿ. ಇಲ್ಲದಿದ್ದರೆ ಪಕ್ಕದ ಮೈದಾನದಲ್ಲಿ ಮುಂದಿನ ಪಂದ್ಯಕ್ಕೆ ಬಂದಿರುವ ರೆಫರಿಯನ್ನು ಕೇಳುವುದು. ಖಾಲಿಯಾದ ಲೈನ್‌ಗೆ ಎರಡೂ ತಂಡಗಳಿಂದ ಒಬ್ಬೊಬ್ಬ ಪೋಷಕರು ಕ್ಲಬ್ ಲೈನ್ಸ್‌ಮನ್ ಆಗಿ ನಿಲ್ಲಬಹುದು, ಆದರೆ ಚೆಂಡು ಗೆರೆ ಪೂರ್ತಿ ದಾಟಿತು ಎಂದಷ್ಟೇ ಅವರು ತೋರಿಸಬೇಕು. ಆಫ್‌ಸೈಡೂ ಇಲ್ಲ, ಫೌಲೂ ಇಲ್ಲ. ಯಾರೂ ಸಿಗದೆ ಒಂದು ತಂಡದ ಪೋಷಕರೇ ಸೆಂಟರ್ ಆಗಬೇಕಾದರೆ ಕಿಕಾಫ್‌ಗೆ ಮುಂಚೆ ಇಬ್ಬರು ಕೋಚ್‌ಗಳನ್ನೂ ಕರೆದು ಹೇಳಿ, ಒಪ್ಪಿಗೆಯನ್ನು ಗೇಮ್ ಕಾರ್ಡ್ (ಪಂದ್ಯದ ವಿವರ ಬರೆಯುವ ಚೀಟಿ) ಮೇಲೆ ಬರೆದು ಇಬ್ಬರ ಸಹಿ ಹಾಕಿಸಬೇಕು. ಈ ಸಹಿ ಇಲ್ಲದ ಪಂದ್ಯಗಳೇ ಸೋಮವಾರ ದೂರುಗಳಾಗಿ ಬರುವುದು.

ಹದಿಹರೆಯದ ರೆಫರಿಗಳ ವಿಷಯದಲ್ಲಿ ಇನ್ನಷ್ಟು ಜೋಪಾನ ಬೇಕು. ಹದಿಮೂರು-ಹದಿನಾಲ್ಕರ ಮಗುವಿಗೆ ತನ್ನ ಹಳೆಯ ಕೋಚ್ ಎದುರು, ತನ್ನ ತರಗತಿಯವರ ಎದುರು ಕಾರ್ಡ್ ತೋರಿಸು ಎನ್ನುವುದು ಅನ್ಯಾಯ. ಆಟಗಾರರಿಗಿಂತ ಕನಿಷ್ಠ ಎರಡು ವರ್ಷ ದೊಡ್ಡವರಿರಬೇಕು, ಅದೇ ಶಾಲೆಯ ತಂಡ ಇರಬಾರದು, ತಮ್ಮ-ತಂಗಿಯರ ತಂಡವಂತೂ ಬೇಡ. ರೆಫರಿಗೆ ಹಣ ಕೊಡುವ ಲೀಗುಗಳಲ್ಲಿ ಮೈದಾನದಲ್ಲೇ ಒಂದು ತಂಡದ ಮ್ಯಾನೇಜರ್ ನೋಟು ಎಣಿಸಿ ಕೊಡುವ ಪದ್ಧತಿ ನಿಲ್ಲಲಿ. ಲೀಗಿನ ಖಾತೆಯಿಂದಲೇ ಹೋಗಲಿ.

ದೂರು ಬಂದಾಗ ನಾನು ನೋಡುವುದು ಮೂರು ವಿಷಯ: ಸಂಬಂಧವನ್ನು ಫಾರಂನಲ್ಲಿ ತಿಳಿಸಿದ್ದರೇ? ತಿಳಿಸಿದ್ದರೂ ನಾನು ಹಾಕಿದ್ದೇನೆಯೇ? ಕೋಚ್‌ಗಳು ಒಪ್ಪಿದ್ದರೇ? ಪೆನಾಲ್ಟಿ ಸರಿಯೋ ತಪ್ಪೋ ಎಂಬುದಕ್ಕೆ ಕೈ ಹಾಕುವುದಿಲ್ಲ. ಆಟದ ಘಟನೆಗಳ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ ಎಂದು ಸಾಕರ್ ನಿಯಮಾವಳಿಯ 5ನೇ ನಿಯಮ ಹೇಳುತ್ತದೆ, ಪೋಷಕರ ಫೋನ್ ವಿಡಿಯೊ ಅದನ್ನು ಬದಲಿಸಲಾರದು. ಸಂಬಂಧ ಮುಚ್ಚಿಟ್ಟಿದ್ದರೆ ಮಾತ್ರ ಶಿಸ್ತು ಸಮಿತಿಗೆ ಕಳಿಸುತ್ತೇನೆ, ಅಲ್ಲಿ ಆ ಎರಡು ತಂಡಗಳ ಪೋಷಕರಾದ ಸದಸ್ಯರು ಎದ್ದು ಹೊರಗೆ ಹೋಗಬೇಕು. ಕೋಚ್ ಒಬ್ಬರಿಗೆ ಕೆಂಪು ಕಾರ್ಡ್ ತೋರಿಸಿದ ರೆಫರಿಯನ್ನು ಆ ತಂಡದ ಮುಂದಿನ ಪಂದ್ಯಗಳಿಗೆ ಆ ಋತುವಿನಲ್ಲಿ ಮತ್ತೆ ಹಾಕುವುದಿಲ್ಲ. ರೆಫರಿ ತಪ್ಪು ಮಾಡಿದರೆಂದಲ್ಲ, ಎರಡೂ ಕಡೆಯವರು ಹಗುರಾಗಿ ಆಡಲಿ ಎಂದು.

ಹಂಚುವವರಿಗೂ ಇದೇ ನಿಯಮ. ನನ್ನ ಮಗು ಆಡುವ ಡಿವಿಷನ್ನಿನ ಪಂದ್ಯಗಳಿಗೆ ರೆಫರಿ ಹಾಕುವುದು ಇನ್ನೊಬ್ಬರು, ಆ ಪಟ್ಟಿ ಪ್ರಕಟವಾಗುವವರೆಗೂ ನನಗೆ ಕಾಣುವುದಿಲ್ಲ.