ಖಂಡ ಎಣಿಸುವ ಮೊದಲು ಗೆರೆ ಎಳೆಯಿರಿ

ಕಾರವಾರ, ಶಿರಸಿ ಕಡೆ ಶಾಲಾ ಕ್ವಿಜ್ ನಡೆಸುವವರು ‘ಖಂಡಗಳೆಷ್ಟು?’ ಎಂದಷ್ಟೇ ಕೇಳಿದರೆ ತಕರಾರು ಖಚಿತ. ಮೊದಲು ಖಾಲಿ ವಿಶ್ವನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಮೂರು ಗೆರೆ ಎಳೆಯಿರಿ: ಸುಯೆಜ್ (ಏಷ್ಯಾ-ಆಫ್ರಿಕಾ ನಡುವೆ), ಪನಾಮಾ (ಎರಡು ಅಮೆರಿಕಗಳ ನಡುವೆ), ಉರಲ್ (ಯುರೋಪ್-ಏಷ್ಯಾ ನಡುವೆ). ಮೂರನ್ನೂ ಉಳಿಸಿದರೆ ಏಳು ಖಂಡ. ನಮ್ಮ ಪಠ್ಯಪುಸ್ತಕದ ಲೆಕ್ಕ. ಉರಲ್ ಅಳಿಸಿದರೆ ಯುರೇಷಿಯಾ ಒಂದಾಗಿ ಆರು, ರಷ್ಯಾದಲ್ಲಿ ಕಲಿಸುವುದು ಹೀಗೆ. ಪನಾಮಾ ಮಾತ್ರ ಅಳಿಸಿದರೂ ಆರೇ, ಅದು ಲ್ಯಾಟಿನ್ ಅಮೆರಿಕದ ಪದ್ಧತಿ. ಅದರಲ್ಲಿ ಅಂಟಾರ್ಕ್ಟಿಕಾ ಬಿಟ್ಟರೆ ಒಲಿಂಪಿಕ್ಸ್‌ನ ಐದು. ಮೂರೂ ಅಳಿಸಿದರೆ ನಾಲ್ಕು.

ಎಡವಟ್ಟಾಗುವುದು ಹೆಚ್ಚಾಗಿ ಉರಲ್ ಗೆರೆಯ ದಕ್ಷಿಣ ತುದಿಯಲ್ಲಿ. ಕಾಕಸಸ್ ಪರ್ವತದ ನೆತ್ತಿಯ ಮೇಲೆ ಎಳೆದರೆ 5,642 ಮೀಟರ್ ಎತ್ತರದ ಎಲ್‌ಬ್ರುಸ್ ಯುರೋಪಿನ ಪಾಲು. ಉತ್ತರದ ಕುಮಾ-ಮನಿಚ್ ತಗ್ಗಿನಲ್ಲಿ ಎಳೆದರೆ ಅದು ಏಷ್ಯಾಕ್ಕೆ ಹೋಗಿ, ಯುರೋಪಿನ ಅತಿ ಎತ್ತರದ ಶಿಖರದ ಪಟ್ಟ ಆಲ್ಪ್ಸ್‌ನ ಮೊಂ ಬ್ಲಾಂಗೆ. ಉತ್ತರಪಟ್ಟಿಯಲ್ಲಿ ಎರಡನ್ನೂ ಬರೆದಿಡಿ, ಇಲ್ಲವೇ ಆ ಪ್ರಶ್ನೆಯನ್ನೇ ಕೈಬಿಡಿ.

ದ್ವೀಪಗಳಿಗೆ ಕಡಲಾಳದ ನಕ್ಷೆ ನೋಡಿ. ಕಾರವಾರದೆದುರಿನ ಕೂರ್ಮಗಡ, ದೇವಗಡ ಆಳವಿಲ್ಲದ ಖಂಡಾವರಣ ಪ್ರದೇಶದ (ಖಂಡದ ಮುಳುಗಿದ ಅಂಚಿನ) ಮೇಲಿವೆ. ಅವು ಏಷ್ಯಾ ಎನ್ನಲು ಅನುಮಾನವೇ ಬೇಡ. ಐಸ್‌ಲೆಂಡ್ ಅಟ್ಲಾಂಟಿಕ್ ನಡುವೆ ಕಡಲಡಿಯ ಪರ್ವತಸಾಲಿನ ಮೇಲಿದೆ, ಯುರೋಪಿಗೆ ಸೇರಿಸುವುದು ಬರೀ ರೂಢಿ. ನ್ಯೂಜಿಲೆಂಡ್ ಸುತ್ತಲಿನ ಮುಳುಗಿದ ಭೂಖಂಡ ಝೀಲ್ಯಾಂಡಿಯಾದ ಮಾತು ಎತ್ತುವ ಜಾಣ ಹುಡುಗ ಒಬ್ಬ ಇದ್ದೇ ಇರುತ್ತಾನೆ: ಅದರ ಸುಮಾರು 94% ನೀರಿನಡಿ ಇದೆ, ಅದನ್ನು ಕ್ವಿಜ್‌ನ ಭೂವಿಜ್ಞಾನದ ರೌಂಡ್‌ಗೆ ಮಾತ್ರ ಇಟ್ಟುಕೊಳ್ಳಿ.