ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ಗೆ ಹೊಸ ಮಾದರಿಯನ್ನು ರೂಪಿಸುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನ (ಇದು ನಮ್ಮಲ್ಲಿ ಆಡುವ ಕಾಲ್ಚೆಂಡಲ್ಲ, ಅಮೆರಿಕನ್ ಫುಟ್‌ಬಾಲ್) ಪ್ಲೇಆಫ್ ಹೇಗಿರಬೇಕು ಎಂಬ ಚರ್ಚೆ ಹೆಚ್ಚಾಗಿ ತಂಡಗಳ ಸಂಖ್ಯೆಯಿಂದಲೇ ಶುರುವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ನೀವೇ ಒಂದು ಮಾದರಿಯನ್ನು ರೂಪಿಸಲು ಕುಳಿತರೆ ಸಂಖ್ಯೆಯನ್ನು ಕೊನೆಗೆ ನಿರ್ಧರಿಸಿ. ಋತುವಿನ 12 ಲೀಗ್ ಪಂದ್ಯಗಳಲ್ಲಿ ತಂಡವೊಂದು ಗಳಿಸಿದ್ದಕ್ಕೆ ಪ್ಲೇಆಫ್‌ನಲ್ಲಿ ಯಾವ ಪ್ರತಿಫಲ ಸಿಗಬೇಕು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಉನ್ನತ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದು, ಬಹುಪಾಲು ತಂಡಗಳು ಪರಸ್ಪರ ಎದುರಾಗುವುದೇ ಇಲ್ಲವಾದ್ದರಿಂದ ಅವುಗಳನ್ನೆಲ್ಲ ಒಂದೇ ಅಂಕಪಟ್ಟಿಯಲ್ಲಿ ಜೋಡಿಸಲು ಸಾಧ್ಯವಿಲ್ಲ. ಎಲ್ಲೋ ಒಂದು ಕಡೆ ಮನುಷ್ಯರ ತೀರ್ಮಾನ ಬೇಕೇ ಬೇಕು. ಆ ತೀರ್ಮಾನಕ್ಕೆ ಎಷ್ಟು ಜಾಗ ಬಿಡುವುದು ಎಂಬುದೇ ಈ ಕೆಲಸದ ತಿರುಳು.

ಹೆಚ್ಚು ಜಾಗ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2023ರ ಉದಾಹರಣೆ ಸಾಕು. 2014ರಲ್ಲಿ ಆರಂಭವಾದ ನಾಲ್ಕು ತಂಡಗಳ ಮಾದರಿಯಲ್ಲಿ 13 ಸದಸ್ಯರ ಸಮಿತಿಯೇ ನಾಲ್ಕನ್ನೂ ಆರಿಸುತ್ತಿತ್ತು. ಆ ವರ್ಷ ಫ್ಲೋರಿಡಾ ಸ್ಟೇಟ್ ತಂಡವು 13 ಪಂದ್ಯಗಳನ್ನೂ ಗೆದ್ದು, ತನ್ನ ಕಾನ್ಫರೆನ್ಸ್‌ನ (ಕಾಲೇಜು ತಂಡಗಳು ಸೇರಿ ಮಾಡಿಕೊಂಡ ಲೀಗ್) ಚಾಂಪಿಯನ್ ಆಗಿದ್ದರೂ, ತಂಡದ ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಗಾಯಗೊಂಡ ಬಳಿಕ ತಂಡದ ಬಲ ಕುಂದಿದೆ ಎಂಬ ಅಂದಾಜಿನಲ್ಲಿ ಹೊರಗುಳಿಯಿತು. ಆಡಿ ಗೆದ್ದದ್ದಕ್ಕಿಂತ ಮುಂದೆ ಹೇಗೆ ಆಡಬಹುದು ಎಂಬ ಊಹೆ ಮೇಲಾದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಆದ್ದರಿಂದ ಪ್ರವೇಶದ ನಿಯಮವನ್ನು ಬರೆಯುವಾಗ ಚಾಂಪಿಯನ್ನರಿಗೆ ಖಚಿತವಾದ ದಾರಿಯಿರಲಿ.

2024ರಲ್ಲಿ ಬಂದ 12 ತಂಡಗಳ ಮಾದರಿ ಇದನ್ನು ಒಂದು ಮಟ್ಟಿಗೆ ಸರಿಪಡಿಸಿತು: ಸಮಿತಿಯ ಪಟ್ಟಿಯಲ್ಲಿ ಅತ್ಯುನ್ನತ ಸ್ಥಾನದಲ್ಲಿರುವ ಐವರು ಕಾನ್ಫರೆನ್ಸ್ ಚಾಂಪಿಯನ್ನರಿಗೆ ನೇರ ಪ್ರವೇಶ, ಉಳಿದ ಏಳು ಸ್ಥಾನಗಳು ಸಮಿತಿಯ ಆಯ್ಕೆಗೆ. ಆಗ ಯಾವ ಕಾನ್ಫರೆನ್ಸ್‌ನ ಹೆಸರನ್ನೂ ನಮೂದಿಸಿರಲಿಲ್ಲ ಎಂಬುದನ್ನು ಗಮನಿಸಿ, ಅದನ್ನು ಹಾಗೆಯೇ ಉಳಿಸಿಕೊಳ್ಳಿ. ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡು ದೊಡ್ಡ ಕಾನ್ಫರೆನ್ಸ್‌ಗಳಿಗೆ ತಲಾ ನಾಲ್ಕು ಸ್ಥಾನಗಳನ್ನು ಮೊದಲೇ ಕಾಯ್ದಿರಿಸುವ ಪ್ರಸ್ತಾವವೂ ಚರ್ಚೆಗೆ ಬಂದಿತ್ತು. ಅದು ಹಳೆಯ ಹಿರಿಮೆಗೆ ಮುಂದಿನ ವರ್ಷಗಳ ಬಹುಮಾನವನ್ನು ಕೊಟ್ಟಂತೆ. ಸಮಿತಿ ಆರಿಸುವ ಸ್ಥಾನಗಳಿಗೂ ಒಂದು ಕಟ್ಟುನಿಟ್ಟು ಬೇಕು: ಸರಿಸಮಾನವಾದ ಎರಡು ತಂಡಗಳು ಅದೇ ಋತುವಿನಲ್ಲಿ ಎದುರಾಗಿದ್ದರೆ ಗೆದ್ದ ತಂಡವೇ ಮುಂದಿರಬೇಕು. 2025ರ ಮೊದಲ ಪಂದ್ಯದಲ್ಲಿ ಮಯಾಮಿ ತಂಡ ನೋಟರ್ ಡೇಮ್ ತಂಡವನ್ನು 27-24ರಿಂದ ಸೋಲಿಸಿತ್ತು. ಆದರೂ ವಾರಗಟ್ಟಲೆ ಪಟ್ಟಿಯಲ್ಲಿ ಕೆಳಗಿದ್ದು, ಅಂತಿಮ ಪಟ್ಟಿಯಲ್ಲಷ್ಟೇ ಮೇಲೇರಿತು. ನಿಯಮ ಮೊದಲೇ ಲಿಖಿತವಾಗಿದ್ದರೆ ಎರಡೂ ಕಡೆಯವರಿಗೆ ತಮ್ಮ ಸ್ಥಾನ ಮೊದಲಿನಿಂದಲೇ ತಿಳಿದಿರುತ್ತಿತ್ತು.

ಮುಂದಿನದು ಶ್ರೇಯಾಂಕ (ಪ್ಲೇಆಫ್‌ನಲ್ಲಿ ತಂಡಕ್ಕೆ ಸಿಗುವ ಕ್ರಮಸಂಖ್ಯೆ) ಮತ್ತು ಅದರ ಪ್ರತಿಫಲ. ಹೆಚ್ಚು ಕಾಲ ಯೋಚಿಸಬೇಕಾದದ್ದು ಇಲ್ಲಿಯೇ. 2024ರಲ್ಲಿ ಮೊದಲ ನಾಲ್ಕು ಶ್ರೇಯಾಂಕಗಳು ಚಾಂಪಿಯನ್ನರಿಗೇ ಮೀಸಲಾಗಿದ್ದುದರಿಂದ, ಪಟ್ಟಿಯಲ್ಲಿ 9ನೇ ಸ್ಥಾನದಲ್ಲಿದ್ದ ಬಾಯ್ಸಿ ಸ್ಟೇಟ್ ಮತ್ತು 12ನೆಯದಾಗಿದ್ದ ಅರಿಜೋನಾ ಸ್ಟೇಟ್ ಮೊದಲ ಸುತ್ತಿನ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಪಡೆದವು. 3 ಮತ್ತು 4ನೇ ಸ್ಥಾನದ ಟೆಕ್ಸಸ್, ಪೆನ್ ಸ್ಟೇಟ್ ತಂಡಗಳಿಗೆ ಅದು ದಕ್ಕಲಿಲ್ಲ. 2025ರಲ್ಲಿ ಪಟ್ಟಿಯ ಕ್ರಮವನ್ನೇ ಶ್ರೇಯಾಂಕವಾಗಿಸಿದ್ದು ಸರಿಯಾದ ತಿದ್ದುಪಡಿ. ಆದರೆ ಬೈ ನಿಜವಾಗಿಯೂ ಬಹುಮಾನವೇ ಎಂಬ ಪ್ರಶ್ನೆ ಉಳಿದೇ ಇದೆ. ಎರಡು ವರ್ಷಗಳಲ್ಲಿ ಬೈ ಪಡೆದ ಎಂಟು ತಂಡಗಳ ಪೈಕಿ ಕ್ವಾರ್ಟರ್ ಫೈನಲ್ ಗೆದ್ದದ್ದು 2025ರ ಇಂಡಿಯಾನಾ ಒಂದೇ. ಇನ್ನೊಂದೆಡೆ, 5ರಿಂದ 8ನೇ ಶ್ರೇಯಾಂಕದ ತಂಡಗಳು ಮೊದಲ ಸುತ್ತನ್ನು ತಮ್ಮದೇ ಕ್ಯಾಂಪಸ್ಸಿನ ಕ್ರೀಡಾಂಗಣದಲ್ಲಿ ಆಡುತ್ತವೆ. ಅಂಥ ಎಂಟು ಪಂದ್ಯಗಳಲ್ಲಿ ಆರನ್ನು ಆತಿಥೇಯರೇ ಗೆದ್ದಿದ್ದಾರೆ. ಕ್ವಾರ್ಟರ್ ಫೈನಲ್‌ಗಳು ರೋಸ್ ಬೌಲ್‌ನಂಥ ಬೌಲ್ ಪಂದ್ಯಗಳಾಗಿ (ಋತುವಿನ ಕೊನೆಯಲ್ಲಿ ನಡೆಯುವ ಸಾಂಪ್ರದಾಯಿಕ ಪಂದ್ಯಗಳು) ಬೇರೆಡೆ ನಡೆಯುವುದರಿಂದ, ದೇಶದ ಅಗ್ರ ತಂಡಕ್ಕೆ ತವರಿನ ಪ್ರೇಕ್ಷಕರ ಮುಂದೆ ಒಂದೂ ಪ್ಲೇಆಫ್ ಪಂದ್ಯ ಸಿಗುವುದಿಲ್ಲ, ಐದನೆಯದಕ್ಕೆ ಸಿಗುತ್ತದೆ. ಐಪಿಎಲ್‌ನಲ್ಲಿ ಮೊದಲ ಎರಡು ತಂಡಗಳಿಗೆ ಸಿಗುವ ಎರಡನೇ ಅವಕಾಶವನ್ನು ಇಲ್ಲಿ ಕೊಡಲಾಗದು, ಏಕೆಂದರೆ ಈ ಆಟದಲ್ಲಿ ದೇಹದ ಮೇಲೆ ಬೀಳುವ ಪೆಟ್ಟು ಹೆಚ್ಚುವರಿ ಪಂದ್ಯಗಳನ್ನು ತಾಳಿಕೊಳ್ಳುವಂಥದ್ದಲ್ಲ. ಹಾಗಾಗಿ ಕ್ವಾರ್ಟರ್ ಫೈನಲ್‌ಗಳನ್ನು ಮೊದಲ ನಾಲ್ಕು ಶ್ರೇಯಾಂಕಗಳ ಕ್ಯಾಂಪಸ್ಸಿಗೆ ತರುವುದೇ ನನ್ನ ಸಲಹೆ. ಬೌಲ್‌ಗಳ ಪರಂಪರೆಗೆ ಸೆಮಿಫೈನಲ್‌ಗಳಿವೆ.

ಈಗ ಸಂಖ್ಯೆಗೆ ಬನ್ನಿ. ನೇರ ನಾಕೌಟ್‌ನಲ್ಲಿ ಒಟ್ಟು ಪಂದ್ಯಗಳು ತಂಡಗಳಿಗಿಂತ ಒಂದು ಕಡಿಮೆ: 12 ತಂಡಗಳಿಗೆ 11, 16 ತಂಡಗಳಿಗೆ 15. ಇಂಡಿಯಾನಾ 12 ಲೀಗ್ ಪಂದ್ಯಗಳು, ಒಂದು ಕಾನ್ಫರೆನ್ಸ್ ಫೈನಲ್, ಮೂರು ಪ್ಲೇಆಫ್ ಪಂದ್ಯಗಳು ಸೇರಿ ಹದಿನಾರನ್ನು ಆಡಿತು. ಬೈ ಇಲ್ಲದ 16ರ ಮಾದರಿಯಲ್ಲಿ ಅದು ಹದಿನೇಳಾಗುತ್ತದೆ. ಈ ಆಟಗಾರರು ಡಿಸೆಂಬರಿನಲ್ಲಿ ಪರೀಕ್ಷೆಗಳನ್ನೂ ಬರೆಯಬೇಕಾದ ವಿದ್ಯಾರ್ಥಿಗಳು. ಕಾನ್ಫರೆನ್ಸ್ ಫೈನಲ್‌ಗಳನ್ನು ಕೈಬಿಡಲು ಒಪ್ಪದೆ 16ಕ್ಕೆ ಏರಬೇಡಿ.

ಕೊನೆಯದಾಗಿ, ನಿಮ್ಮ ನಿಯಮಗಳನ್ನು 2014ರಿಂದೀಚಿನ ಪ್ರತಿ ಋತುವಿನ ಅಂತಿಮ ಪಟ್ಟಿಗೆ ಅನ್ವಯಿಸಿ, ಯಾರು ಒಳಬಂದರು, ಯಾರು ಹೊರಬಿದ್ದರು ಎಂದು ಕಾಗದದ ಮೇಲೆ ಬರೆಯಿರಿ. 12ರ ಮಾದರಿಯನ್ನು 2023ಕ್ಕೆ ಅನ್ವಯಿಸಿದರೆ ಫ್ಲೋರಿಡಾ ಸ್ಟೇಟ್ 5ನೇ ಶ್ರೇಯಾಂಕ ಪಡೆದು, ಪಟ್ಟಿಯಲ್ಲಿ 23ನೆಯದಾಗಿದ್ದ ಲಿಬರ್ಟಿ ತಂಡವನ್ನು ತನ್ನ ಅಂಗಳದಲ್ಲಿಯೇ ಎದುರಿಸುತ್ತದೆ. 2025ರಲ್ಲಿ ಐವರು ಚಾಂಪಿಯನ್ನರಿಗೆ ನೇರ ಪ್ರವೇಶ ಕೊಡುವ ನಿಯಮದಿಂದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಒಳಬಂದು, 11ನೇ ಸ್ಥಾನದ ನೋಟರ್ ಡೇಮ್ ಹೊರಗುಳಿಯಿತು. ಒಳಬಂದ ಆ ಎರಡೂ ತಂಡಗಳು ಮೊದಲ ಸುತ್ತಿನಲ್ಲೇ ದೊಡ್ಡ ಅಂತರದಿಂದ ಸೋತವು ಎಂಬುದನ್ನೂ ಅದೇ ಹಾಳೆಯಲ್ಲಿ ನಮೂದಿಸಿ, ಅಷ್ಟಾದ ಮೇಲೂ ಆ ನಿಯಮವನ್ನು ಉಳಿಸಿಕೊಳ್ಳುತ್ತೀರಾ ಎಂದು ತೀರ್ಮಾನಿಸಿ. ನಾನು ಉಳಿಸಿಕೊಳ್ಳುತ್ತೇನೆ: ಅದಿಲ್ಲದಿದ್ದರೆ ಸಣ್ಣ ಕಾನ್ಫರೆನ್ಸ್‌ಗಳ ತಂಡಗಳು ಎಲ್ಲ ಪಂದ್ಯಗಳನ್ನು ಗೆದ್ದರೂ ಸಮಿತಿಯ ಕೃಪೆಯನ್ನೇ ಕಾಯಬೇಕಾಗುತ್ತದೆ.